ನಂದಿಯ ದೇವಸ್ಥಾನ, ದೇವನಹಳ್ಳಿಯ ಕೋಟೆ, ವೈನರಿ: ಒಂದೇ ದಿನ ಸಾಕೇ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ನಂದಿ ಬೆಟ್ಟದ ತಪ್ಪಲಿನ ವೈನರಿ ನೋಡುವ ಆಸೆ ನಮಗೆ. ಜೊತೆಗೆ ಬರುವ ಅಪ್ಪ ಅಮ್ಮನಿಗೆ ಹಳೆಯ ದೇವಸ್ಥಾನ, ಕೋಟೆಗಳನ್ನು ತೋರಿಸಬೇಕು. ಎಲ್ಲವೂ ಒಂದೇ ದಿನದಲ್ಲಿ ಆಗುತ್ತದೆಯೇ?

ಉತ್ತರ: ಆಗುತ್ತದೆ, ಬೆಟ್ಟದ ತುದಿಯನ್ನು ಬಿಟ್ಟರೆ. 1,478 ಮೀಟರ್ ಎತ್ತರದ ನಂದಿ ಬೆಟ್ಟ ಚೆಂದವೇ. ಆದರೆ ವಾರಾಂತ್ಯದ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಅರ್ಧ ದಿನ ಅಲ್ಲೇ ಹೋಗುತ್ತದೆ. ನೋಡಲೇಬೇಕಾದದ್ದು ಬೆಟ್ಟದ ಬುಡದಲ್ಲಿದೆ. ಅದಕ್ಕೆ ಹೆಚ್ಚು ಹೊತ್ತು ಕೊಡಿ.

ಬೆಳಗ್ಗೆ ಬೇಗ ಹೊರಟು ನೇರವಾಗಿ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಹೋಗಿ. ಅಂಗಳಕ್ಕೆಲ್ಲ ಕಲ್ಲು ಹಾಸಿರುವುದರಿಂದ ಬಿಸಿಲೇರಿದ ಮೇಲೆ ಬರಿಗಾಲಿನಲ್ಲಿ ಓಡಾಡುವುದು ಹಿರಿಯರಿಗೆ ಕಷ್ಟ. ಇದು ಕರ್ನಾಟಕದ ಅತ್ಯಂತ ಹಳೆಯ ಶಿವಾಲಯಗಳಲ್ಲೊಂದು. ರಾಷ್ಟ್ರಕೂಟ ಮೂರನೇ ಗೋವಿಂದನ ಕಾಲದ, ಕ್ರಿ.ಶ. 806ರ ಶಾಸನದಲ್ಲೇ ಇದರ ಉಲ್ಲೇಖವಿದೆ. ಆಮೇಲೆ ನೊಳಂಬರು, ಬಾಣರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಇಲ್ಲಿ ಕೈಯಾಡಿಸಿದ್ದಾರೆ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಎಂಬ ಎರಡು ದೊಡ್ಡ ಗುಡಿಗಳು, ನಡುವೆ ಉಮಾಮಹೇಶ್ವರನ ಪುಟ್ಟ ಗುಡಿ. ಅದರ ಮುಂದಿನ ಕಪ್ಪು ಕಲ್ಲಿನ ಕಲ್ಯಾಣ ಮಂಟಪವನ್ನು ಮಾತ್ರ ಅವಸರದಲ್ಲಿ ನೋಡಬೇಡಿ. ಅದರ ಕಂಬಗಳಲ್ಲಿ ಶಿವ–ಪಾರ್ವತಿ, ಬ್ರಹ್ಮ–ಸರಸ್ವತಿ, ವಿಷ್ಣು–ಲಕ್ಷ್ಮಿ, ಅಗ್ನಿ–ಸ್ವಾಹಾದೇವಿ ಜೋಡಿಜೋಡಿಯಾಗಿ ನಿಂತಿದ್ದಾರೆ. ಸುತ್ತಲಿನ ಬಳ್ಳಿ, ಹಕ್ಕಿಗಳ ಕೆತ್ತನೆಯಂತೂ ಬಡಗಿ ಮರದಲ್ಲಿ ಕೊರೆದಷ್ಟು ನವಿರು. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ ಎಂಬುದು ಸ್ಥಳದ ನಂಬಿಕೆ. ಶೃಂಗಿ ತೀರ್ಥದ ಮೆಟ್ಟಿಲುಗಳ ಮೇಲೆ ಒಂದಿಷ್ಟು ಹೊತ್ತು ಕುಳಿತೇ ಹೊರಡಿ.

ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಹತ್ತಿರವೇ ಇದೆ. ಅವರ ವಸ್ತುಸಂಗ್ರಹಾಲಯ ಮತ್ತು ಸಮಾಧಿ ನೋಡಲು ಒಂದು ಗಂಟೆ ಸಾಕು. ಅಲ್ಲಿಂದ ಹಿಂದಿರುಗುವ ದಾರಿಯಲ್ಲಿ ದೇವನಹಳ್ಳಿ. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆ ಮೈಸೂರಿನವರ ಕೈಸೇರಿದ ಮೇಲೆ ಕಲ್ಲಿನದಾಯಿತು. ಕೋಟೆಯ ಸಮೀಪದಲ್ಲೇ ಟಿಪ್ಪು ಸುಲ್ತಾನ್ ಹುಟ್ಟಿದ ಸ್ಥಳದ ಸ್ಮಾರಕವಿದೆ. 1791ರಲ್ಲಿ ಈ ಕೋಟೆಯೂ ನಂದಿ ಬೆಟ್ಟದ ಮೇಲಿನ ಕೋಟೆಯಾದ ನಂದಿದುರ್ಗವೂ ಟಿಪ್ಪುವಿನೊಂದಿಗೆ ಯುದ್ಧಕ್ಕಿಳಿದಿದ್ದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆಯ ವಶವಾದವು ಎಂಬುದನ್ನು ನೆನಪಿಟ್ಟುಕೊಂಡು ಬುರುಜುಗಳನ್ನು ನೋಡಿದರೆ ಅವುಗಳ ಅರ್ಥವೇ ಬೇರೆಯಾಗುತ್ತದೆ. ಊಟ ದೇವನಹಳ್ಳಿಯಲ್ಲೇ ಮುಗಿಸಿ. ಖಾಲಿ ಹೊಟ್ಟೆಯಲ್ಲಿ ವೈನ್ ರುಚಿ ನೋಡುವುದು ಒಳ್ಳೆಯದಲ್ಲ.

ಮಧ್ಯಾಹ್ನದ ನಂತರ ದೇವನಹಳ್ಳಿ–ದೊಡ್ಡಬಳ್ಳಾಪುರ ರಸ್ತೆಯ ರಘುನಾಥಪುರಕ್ಕೆ ಬನ್ನಿ. ಗ್ರೋವರ್ ಜಂಪಾ ವೈನರಿ ಇರುವುದು ಇಲ್ಲಿಯೇ. ಕನ್ವಲ್ ಗ್ರೋವರ್ 1988ರಲ್ಲಿ ಆರಂಭಿಸಿದ ಸಂಸ್ಥೆ ಇದು. ವೈನಿಗೆ ಬೆಳೆಯುವ ಫ್ರೆಂಚ್ ದ್ರಾಕ್ಷಿ ತಳಿಗಳಿಗೆ ಈ ತಪ್ಪಲೇ ಏಕೆ? ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರವಿರುವುದರಿಂದ ಹಗಲು ಬಿಸಿಲಿದ್ದರೂ ರಾತ್ರಿ ತಂಪಾಗುತ್ತದೆ. ಹಗಲು ಹಣ್ಣಿಗೆ ಸಿಹಿ ತುಂಬಿದರೆ, ರಾತ್ರಿಯ ತಂಪು ಅದರ ಹುಳಿಯನ್ನು ಉಳಿಸುತ್ತದೆ. ವೈನಿಗೆ ಎರಡೂ ಬೇಕು. ಯುರೋಪಿನ ಬಳ್ಳಿ ಚಳಿಗಾಲದಲ್ಲಿ ನಿದ್ರಿಸುತ್ತದೆ, ನಮ್ಮಲ್ಲಿ ಅದಕ್ಕೆ ಆ ನಿದ್ರೆಯಿಲ್ಲ. ಅದಕ್ಕೇ ವರ್ಷಕ್ಕೆ ಎರಡು ಬಾರಿ ಬಳ್ಳಿಯ ಕೊಂಬೆಗಳನ್ನು ಕತ್ತರಿಸಿ, ಒಂದು ಬೆಳೆಯನ್ನು ಮಾತ್ರ ತೆಗೆಯುತ್ತಾರೆ. ಈ ಭಾಗದ ರೈತರು ತಲೆಮಾರುಗಳಿಂದ ಬೆಳೆದ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ಬೇರೆ ಜಾತಿಯದು. ಅದು ತಿನ್ನಲು, ರಸ ತೆಗೆಯಲು ಹೆಚ್ಚು ಬಳಕೆಯಾಗುತ್ತದೆ. ವೈನಿನ ದ್ರಾಕ್ಷಿ ಸಣ್ಣದು, ದಪ್ಪ ಸಿಪ್ಪೆಯದು, ತುಂಬಾ ಬೀಜದ್ದು.

ಕೊಯ್ಲು ನಡೆಯುವ ಫೆಬ್ರವರಿ–ಮಾರ್ಚ್‌ನಲ್ಲಿ ಹೋದರೆ ಗೊಂಚಲುಗಳನ್ನು ಬಳ್ಳಿಯಲ್ಲೇ ನೋಡಬಹುದು. ಉಳಿದ ದಿನಗಳಲ್ಲೂ ಉಕ್ಕಿನ ತೊಟ್ಟಿಗಳು, ಓಕ್ ಮರದ ಪೀಪಾಯಿಗಳು ಇದ್ದೇ ಇರುತ್ತವೆ. ಕೆಂಪು ವೈನಿನ ಬಣ್ಣ ಬರುವುದು ಸಿಪ್ಪೆಯಿಂದ. ಸಿಪ್ಪೆಯ ಸಮೇತ ಹುದುಗಿಸಿದರೆ ಕೆಂಪು, ಮೊದಲೇ ಹಿಂಡಿ ರಸವನ್ನಷ್ಟೇ ಹುದುಗಿಸಿದರೆ ಬಿಳಿ. ಅಪ್ಪ ಅಮ್ಮ ವೈನ್ ಮುಟ್ಟದಿದ್ದರೂ ಇದನ್ನೆಲ್ಲ ಆಸಕ್ತಿಯಿಂದ ಕೇಳುತ್ತಾರೆ, ಕೃಷಿಯ ಮನೆತನದವರಾದರೆ ಇನ್ನೂ ಹೆಚ್ಚು. ಮುಂಗಡವಾಗಿ ಕಾಯ್ದಿರಿಸದೆ ಮಾತ್ರ ಹೋಗಬೇಡಿ.

ವೈನರಿಯನ್ನು ಕೊನೆಗಿಡಲು ಇನ್ನೊಂದು ಕಾರಣವೂ ಇದೆ: ಕುಡಿದ ಮೇಲೆ ದೇವಸ್ಥಾನಕ್ಕೆ ಹೋಗುವ ಮುಜುಗರ ಇರುವುದಿಲ್ಲ. ಚಾಲಕರ ರಕ್ತದಲ್ಲಿ 100 ಮಿಲಿಲೀಟರ್‌ಗೆ 30 ಮಿಲಿಗ್ರಾಂ ಮೀರಿದ ಮದ್ಯಸಾರ ಕಾನೂನಿನ ಪ್ರಕಾರ ಅಪರಾಧ. ಲೆಕ್ಕ ಹಾಕುತ್ತ ಕೂರುವ ಬದಲು ಕಾರು ಓಡಿಸುವವರು ಒಂದು ಗುಟುಕೂ ಕುಡಿಯದಿರಲಿ. ಯಾರು ಓಡಿಸುವುದೆಂದು ಮನೆಯಲ್ಲೇ ತೀರ್ಮಾನಿಸಿಕೊಳ್ಳಿ. ಮರಳುವಾಗ ದೊಡ್ಡಬಳ್ಳಾಪುರ–ಯಲಹಂಕ ರಸ್ತೆ ಹಿಡಿದರೆ ಬಂದ ದಾರಿಯನ್ನೇ ತುಳಿಯಬೇಕಾಗುವುದಿಲ್ಲ.