ತೀರ್ಥಹಳ್ಳಿ ‘ತೀಥರ್ಹಳ್ಳಿ’ ಆಗೋದು ಯಾಕೆ? ಇ-ಬುಕ್ ಕಲಿಯುವವರಿಗೊಂದು ಟಿಪ್ಪಣಿ

ಇಪಬ್ ಅನ್ನುವ ಇ-ಬುಕ್ ಫೈಲು ಅಂದರೆ ಎಚ್‌ಟಿಎಂಎಲ್, ಸಿಎಸ್‌ಎಸ್ (ವೆಬ್ ಪುಟ ಕಟ್ಟುವ ಭಾಷೆಗಳು) ತುಂಬಿದ ಜಿಪ್ ಫೈಲು, ಅಷ್ಟೇ. ಮುಂದಕ್ಕೆ ಹೋಗೋಣ.

ನಮ್ಮ ಶಿವಮೊಗ್ಗದ ಕಡೆ ಡಿಟಿಪಿ ಅಂಗಡಿಯಲ್ಲಿ ಮದುವೆ ಕಾಗದ ಮಾಡುವ ಕಂಪ್ಯೂಟರಿನಲ್ಲೇ ಪುಸ್ತಕದ ಪುಟಗಳೂ ಆಗುತ್ತವೆ. ಪುಟ ಜೋಡಿಸಲು ಪೇಜ್‌ಮೇಕರ್, ಕನ್ನಡ ಟೈಪ್ ಮಾಡಲು ‘ನುಡಿ’ ತಂತ್ರಾಂಶದ ಹಳೆ ಫಾಂಟು, ಪುಸ್ತಕಕ್ಕೆ ಡೆಮಿ 1/8 ಅಳತೆ. ಆಮೇಲೆ ಅದೇ ಫೈಲು ಇ-ಬುಕ್ಕಿಗೂ ಹೋಗುತ್ತದೆ. ಸಾಲು ಕೂರಿಸಲು ಒತ್ತಿದ ಎಂಟರ್, ಪುಟದ ನಂಬರು ಎಲ್ಲ ಮೊಬೈಲಿನಲ್ಲಿ ವಾಕ್ಯದ ನಡುವೆ ಬಂದು ಕೂರುತ್ತವೆ. ಅದು ಫೈಂಡ್-ರೀಪ್ಲೇಸಿನಲ್ಲಿ ಹೋಗುತ್ತದೆ ಬಿಡಿ.

ತಲೆ ತಿಂದದ್ದು ಅರ್ಕಾವೊತ್ತು. ಹಳೆ ಫಾಂಟಿನ ಫೈಲಿನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲೇ ಇರುತ್ತವೆ: ತೀ, ಥ, ಅರ್ಕಾವೊತ್ತು, ಹ, ಳ್ಳಿ. ಇ-ಬುಕ್ಕಿಗೆ ಬೇಕಾದ ಯುನಿಕೋಡಿನಲ್ಲಿ (ಎಲ್ಲ ಕಂಪ್ಯೂಟರು, ಮೊಬೈಲಿಗೂ ಒಂದೇ ಆದ ಅಕ್ಷರ ಸಂಕೇತ) ಬಾಯಲ್ಲಿ ಹೇಳುವ ಕ್ರಮ: ತೀ, ರ್, ಥ, ಹ, ಳ್ಳಿ. ಅಂದರೆ ಹಳೆ ಫಾಂಟಿನ ಅಕ್ಷರಗಳನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶ ಆ ‘ರ್’ ಅನ್ನು ಎತ್ತಿ ‘ಥ’ಕ್ಕಿಂತ ಮೊದಲು ಇಡಬೇಕು. ಸುಮ್ನೆ ಬಿಟ್ಟರೆ ಅದು ಪಕ್ಕದ ‘ಹ’ಕ್ಕೆ ಅಂಟಿಕೊಳ್ಳುತ್ತದೆ. ಪದದ ಕೊನೆಯಲ್ಲಿದ್ದರೆ ಅಂಟಿಕೊಳ್ಳಲು ಏನೂ ಇಲ್ಲ, ಆಗ ‘ಧರ್ಮ’ ಹೋಗಿ ‘ಧಮರ್’, ‘ವರ್ಷ’ ಹೋಗಿ ‘ವಷರ್’. ಇನ್ನೊಂದು ವಿಷಯ, ಕಾಗುಣಿತ, ಒತ್ತು ಎಲ್ಲ ಸೇರಿಸಿ ಇಡೀ ಅಕ್ಷರವನ್ನೇ ದಾಟಬೇಕು. ‘ಕನಾರ್ಟಕ’ದಲ್ಲಿ ಅದು ‘ನಾ’ ಪೂರ್ತಿ ದಾಟಬೇಕು; ದೀರ್ಘ ಮಾತ್ರ ದಾಟಿ ನಿಂತರೆ ‘ಕನರ್ಾಟಕ’. ಇವೆರಡನ್ನೂ ನೀವು ನೋಡಿರುತ್ತೀರಿ, ಅಲ್ವಾ?

ಇಪಬ್ ತಿದ್ದುವ ತಂತ್ರಾಂಶ ಸಿಜಿಲ್‌ನಲ್ಲಿ ‘ರ್’ ಕೊನೆಗೆ ಬರುವ ಪದಗಳನ್ನು ಹುಡುಕಿದರೆ ಅರ್ಧ ತಪ್ಪು ಅಲ್ಲೇ ಸಿಗುತ್ತದೆ. ಆದರೆ ರೀಪ್ಲೇಸ್ ಆಲ್ ಒತ್ತಬೇಡಿ. ‘ಪೇಪರ್’ ಹೋಗಿ ‘ಪೇರ್ಪ’ ಆಗುತ್ತದೆ!

ಹೊಣೆ ಯಾರದ್ದು? ಡಿಟಿಪಿಯವರಿಗೆ ದುಡ್ಡು ಸಿಗುವುದು ಅಚ್ಚಿನ ಪುಟಕ್ಕೆ. ಪ್ರೂಫ್ ನೋಡಿದವರು ನೋಡಿದ್ದೂ ಅಚ್ಚಿನ ಪ್ರತಿಯನ್ನೇ, ಅಲ್ಲಿ ತೀರ್ಥಹಳ್ಳಿ ಸರಿಯಾಗೇ ಇತ್ತು. ಪರಿವರ್ತನೆ ಆದಮೇಲೆ ಇನ್ನೊಮ್ಮೆ ಪ್ರೂಫ್ ನೋಡಿಸಬೇಕಾದವರು ಪ್ರಕಾಶಕರು. ನನ್ನ ಲೆಕ್ಕದಲ್ಲಿ ಜಾಸ್ತಿ ಪಾಲು ಅವರದ್ದೇ. ಆ್ಯಪ್‌ಗಳೂ ಸಾಚಾ ಅಲ್ಲ. ಎರಡೂ ಅಂಚು ಸಮ ಮಾಡಲು ಹೋಗಿ, ಉದ್ದದ ಕನ್ನಡ ಪದ ಮುರಿಯಲು ಬಾರದೆ, ಎಷ್ಟೋ ಆ್ಯಪ್‌ಗಳು ಪದಗಳ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಬಿಡುತ್ತವೆ. ಅನುಮಾನ ಬಂದರೆ ಅದೇ ಫೈಲನ್ನು ಬೇರೆ ಆ್ಯಪಿನಲ್ಲಿ ತೆರೆಯಿರಿ: ಖಾಲಿ ಜಾಗ ಹೋಗಬಹುದು, ‘ತೀಥರ್ಹಳ್ಳಿ’ ಅಲ್ಲೂ ಹಾಗೇ ಇರುತ್ತದೆ.