ಹಳೆಯ ಕೀಬೋರ್ಡಿಗೆ ಸಸ್ಟೇನ್ ಪೆಡಲ್ ಜೋಡಿಸುವ ಬಗೆ

ಹಳೆಯ ಎಲೆಕ್ಟ್ರಾನಿಕ್ ಕೀಬೋರ್ಡಿಗೆ ಸಸ್ಟೇನ್ ಪೆಡಲ್, ಅಂದರೆ ಪಾದದಿಂದ ಒತ್ತಿಹಿಡಿದಷ್ಟು ಹೊತ್ತು ಬೆರಳೆತ್ತಿದ ಮೇಲೂ ಸ್ವರವನ್ನು ಮುಂದುವರಿಸುವ ಸಾಧನ, ಜೋಡಿಸಿದ ಹಲವರಿಗೆ ಮೊದಲು ಎದುರಾಗುವುದು ತಲೆಕೆಳಗಾದ ವರ್ತನೆ: ಪಾದ ಎತ್ತಿದರೆ ಸ್ವರಗಳು ನಿಲ್ಲದೆ ಮೊಳಗುತ್ತವೆ, ಒತ್ತಿದರೆ ಥಟ್ಟನೆ ನಿಲ್ಲುತ್ತವೆ. ಪೆಡಲ್ ಕೆಟ್ಟಿದೆಯೆಂದು ಅದನ್ನು ಮೂಲೆಗೆ ಹಾಕುವವರೂ ಉಂಟು. ಆದರೆ ಬಹುತೇಕ ಅಲ್ಲಿ ಏನೂ ಕೆಟ್ಟಿರುವುದಿಲ್ಲ; ಯಾವುದು ‘ಒತ್ತಿದ’ ಸ್ಥಿತಿ, ಯಾವುದು ‘ಬಿಟ್ಟ’ ಸ್ಥಿತಿ ಎಂಬುದರಲ್ಲಿ ಪೆಡಲ್ಲಿಗೂ ಕೀಬೋರ್ಡಿಗೂ ಹೊಂದಾಣಿಕೆ ಆಗಿರುವುದಿಲ್ಲ.

ಪಿಯಾನೋದಲ್ಲಿ ಈ ಪೆಡಲ್ಲಿನ ಕೆಲಸ ಸಂಪೂರ್ಣವಾಗಿ ಯಾಂತ್ರಿಕವಾದುದು. ಅತಿ ಎತ್ತರದ ಸ್ವರಗಳನ್ನು ಬಿಟ್ಟರೆ ಉಳಿದೆಲ್ಲ ತಂತಿಗಳ ಮೇಲೂ ಕಂಪನವನ್ನು ತಡೆಯುವ ಉಣ್ಣೆಯ ಡ್ಯಾಂಪರುಗಳು ಕೂತಿರುತ್ತವೆ. ಬಲಗಡೆಯ ಪೆಡಲ್ ಒತ್ತಿದಾಗ ಅವೆಲ್ಲ ಒಟ್ಟಿಗೆ ಮೇಲೇಳುತ್ತವೆ. 1772ರಲ್ಲಿ ಅಮೇರಿಕಸ್ ಬ್ಯಾಕರ್ಸ್ ಲಂಡನ್ನಿನಲ್ಲಿ ತಯಾರಿಸಿದ ಗ್ರ್ಯಾಂಡ್ ಪಿಯಾನೋದಲ್ಲಿ ಆಗಲೇ ಪೆಡಲ್ಲುಗಳಿದ್ದವು. ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ಎತ್ತುವುದಕ್ಕೆ ಡ್ಯಾಂಪರುಗಳೇ ಇಲ್ಲ. ಬೆರಳು ಕೀಯಿಂದ ಮೇಲೆದ್ದಾಗ ಸ್ವರವನ್ನು ಮುಗಿಸಬೇಕೆಂಬ ಸೂಚನೆ ಒಳಗಿನ ಪ್ರೊಸೆಸರಿಗೆ ತಲುಪುತ್ತದೆ. ಪೆಡಲ್ ಒತ್ತಿದ್ದರೆ ಪ್ರೊಸೆಸರ್ ಆ ಸೂಚನೆಯನ್ನು ತಡೆಹಿಡಿದು, ಪಾದ ಮೇಲೆದ್ದ ನಂತರವೇ ಜಾರಿಗೆ ತರುತ್ತದೆ. ಹಾಗಾಗಿ ಪಿಯಾನೋ ಧ್ವನಿ ಪೆಡಲ್ ಒತ್ತಿದ್ದರೂ ತಾನಾಗಿ ಕ್ಷೀಣಿಸಿದರೆ, ಆರ್ಗನ್ ಧ್ವನಿ ಪಾದ ತೆಗೆಯುವವರೆಗೂ ಕುಗ್ಗದೆ ಮೊಳಗುತ್ತದೆ. ಕೆಲವು ಕೀಬೋರ್ಡುಗಳ ಮುಖಭಾಗದಲ್ಲಿರುವ ‘ಸಸ್ಟೇನ್’ ಗುಂಡಿ ಮಾಡುವುದು ಬೇರೆಯೇ ಕೆಲಸ: ಅದು ಪ್ರತಿಯೊಂದು ಸ್ವರಕ್ಕೂ ಒಂದು ನಿಗದಿತ ಬಾಲವನ್ನು ಸೇರಿಸುತ್ತದೆಯೇ ಹೊರತು ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬ ಆಯ್ಕೆಯನ್ನು ನುಡಿಸುವವರಿಗೆ ಕೊಡುವುದಿಲ್ಲ.

ಸಾಮಾನ್ಯ ಪೆಡಲ್ಲಿನೊಳಗೆ ಇರುವುದು ಒಂದು ಸ್ವಿಚ್ ಮಾತ್ರ. ಅದರ 6.35 ಮಿಲಿಮೀಟರ್ ಪ್ಲಗ್ಗಿನ ತುದಿ ಮತ್ತು ಕೊಳವೆಯಂಥ ಭಾಗಗಳ ನಡುವೆ ಸಂಪರ್ಕವಿದೆಯೇ ಇಲ್ಲವೇ ಎಂಬುದನ್ನಷ್ಟೇ ಕೀಬೋರ್ಡ್ ಗಮನಿಸುತ್ತದೆ. ಕೆಲವು ಪೆಡಲ್ಲುಗಳಲ್ಲಿ ಒತ್ತಿದಾಗ ಸಂಪರ್ಕ ಕೂಡುತ್ತದೆ. ಯಮಹಾದ ಎಫ್‌ಸಿ5ನಂಥ ಪೆಡಲ್ಲುಗಳಲ್ಲಿ ಒತ್ತಿದಾಗ ಸಂಪರ್ಕ ಕಡಿಯುತ್ತದೆ. ಎಲ್ಲ ತಯಾರಕರೂ ಒಂದೇ ಪದ್ಧತಿಗೆ ಬದ್ಧರಾಗದಿದ್ದುದರಿಂದಲೇ ಈ ಗೊಂದಲ ಹುಟ್ಟಿದೆ. ಒಂದು ಮಟ್ಟಿಗೆ ಇದಕ್ಕೆ ಪರಿಹಾರವೂ ಇದೆ: ಅನೇಕ ಕೀಬೋರ್ಡುಗಳು ವಿದ್ಯುತ್ ಹರಿದ ಕ್ಷಣದಲ್ಲಿ ಜ್ಯಾಕ್‌ನ (ಪ್ಲಗ್ ಹೊಕ್ಕುವ ರಂಧ್ರದ) ಸ್ಥಿತಿಯನ್ನು ಓದಿ, ಅದೇ ‘ಬಿಟ್ಟ’ ಸ್ಥಿತಿಯೆಂದು ಭಾವಿಸಿಕೊಳ್ಳುತ್ತವೆ.

ಆದ್ದರಿಂದ ಜೋಡಣೆಯಲ್ಲಿ ಕ್ರಮವೇ ಮುಖ್ಯ. ಕೀಬೋರ್ಡನ್ನು ಆಫ್ ಮಾಡಿ, ಪ್ಲಗ್ಗನ್ನು ಪೂರ್ತಿ ಒಳಗೆ ತಳ್ಳಿ, ಪೆಡಲ್ಲಿನಿಂದ ಪಾದ ದೂರವಿಟ್ಟು, ಅನಂತರವೇ ಸ್ವಿಚ್ ಹಾಕಬೇಕು. ಆಗಲೂ ವರ್ತನೆ ತಿರುಗುಮುರುಗಾಗಿದ್ದರೆ ಪೆಡಲ್ಲಿನ ಕೆಳಭಾಗದಲ್ಲಿ ಧ್ರುವತೆ (ಒತ್ತಿದಾಗ ಸಂಪರ್ಕ ಕೂಡಬೇಕೋ ಕಡಿಯಬೇಕೋ ಎಂಬುದು) ಬದಲಿಸುವ ಪುಟ್ಟ ಸ್ವಿಚ್ ಇದೆಯೇ ಎಂದು ನೋಡಬೇಕು. ಹೆಡ್‌ಫೋನಿನ ಜ್ಯಾಕ್ ಕೂಡ ಅನೇಕ ಸಲ ಇದೇ ಅಳತೆಯದಾಗಿರುವುದರಿಂದ ಪ್ಲಗ್ ಸಲೀಸಾಗಿ ಹೊಕ್ಕಿತೆಂದ ಮಾತ್ರಕ್ಕೆ ಅದು ಸರಿಯಾದ ಜಾಗವೆಂದು ನಂಬುವಂತಿಲ್ಲ. ಕೆಲವು ಮಾದರಿಗಳಲ್ಲಿ ಒಂದೇ ಜ್ಯಾಕ್ ತಾಳವನ್ನು ಆರಂಭಿಸಲು, ಧ್ವನಿ ಬದಲಿಸಲು, ಸಸ್ಟೇನಿಗೆ ಹೀಗೆ ಹಲವು ಕೆಲಸಗಳಿಗೆ ಒದಗುತ್ತದೆ. ಅಂಥಲ್ಲಿ ಮೆನುವಿನಲ್ಲಿ ಸಸ್ಟೇನನ್ನು ಆಯ್ದುಕೊಳ್ಳದಿದ್ದರೆ ಪೆಡಲ್ ಎಷ್ಟು ಒತ್ತಿದರೂ ಸ್ವರ ಮುಂದುವರಿಯದು. ಅರ್ಧ ಒತ್ತುವಿಕೆಯನ್ನೂ ಗುರುತಿಸುವ ದುಬಾರಿ ಪೆಡಲ್ ತಂದರೂ ಹಳೆಯ ಕೀಬೋರ್ಡ್ ಹೌದು ಅಥವಾ ಇಲ್ಲ ಎಂಬುದನ್ನಷ್ಟೇ ಅರಿಯುವುದಾದರೆ ಆ ಖರ್ಚು ವ್ಯರ್ಥ ಎಂಬುದು ನನ್ನ ಅಭಿಪ್ರಾಯ.

ಯಾವ ಕ್ರಮದಲ್ಲೂ ಕೆಲಸ ನಡೆಯದಿದ್ದಾಗ ವಯಸ್ಸಿನ ಪ್ರಶ್ನೆ ಬರುತ್ತದೆ. ಜ್ಯಾಕ್‌ನೊಳಗಿನ ಲೋಹದ ಪಟ್ಟಿಗಳ ಮೇಲೆ ವರ್ಷಗಳಿಂದ ಕಿಲುಬು, ಧೂಳು ಕೂತಿರಬಹುದು; ಕೀಬೋರ್ಡ್ ಆಫ್ ಆಗಿರುವಾಗ ಪ್ಲಗ್ಗನ್ನು ಹಲವು ಬಾರಿ ತೂರಿಸಿ ತೆಗೆದರೆ ಆ ಉಜ್ಜಾಟದಿಂದಲೇ ಎಷ್ಟೋ ಸಲ ಸಂಪರ್ಕ ಸರಿಹೋಗುತ್ತದೆ. ದೋಷ ಪೆಡಲ್ಲಿನದೋ ಕೀಬೋರ್ಡಿನದೋ ತಿಳಿಯಲು ವಿದ್ಯುತ್ ಸಂಪರ್ಕ ಪರೀಕ್ಷಿಸುವ ಮಲ್ಟಿಮೀಟರ್ ಸಾಕು: ಅದರ ಎರಡು ಕಡ್ಡಿಗಳನ್ನು ಕೀಬೋರ್ಡಿನಿಂದ ಹೊರತೆಗೆದ ಪ್ಲಗ್ಗಿನ ಎರಡು ಭಾಗಗಳಿಗೆ ತಾಗಿಸಿ ಪೆಡಲ್ ಒತ್ತಿದಾಗ ಮೀಟರ್ ತೋರಿಸುವ ಅಂಕಿ ಬದಲಾದರೆ ಪೆಡಲ್ ನಿರ್ದೋಷಿ, ಆಗ ಜ್ಯಾಕ್‌ನ ಬೆಸುಗೆ ಬಿರುಕುಬಿಟ್ಟಿರುವ ಸಾಧ್ಯತೆಯನ್ನು ತಂತ್ರಜ್ಞರಿಂದ ಪರಿಶೀಲಿಸಿಕೊಳ್ಳಬೇಕು.

ಪೆಡಲ್ ಸರಿಯಾಗಿದ್ದೂ ದೀರ್ಘವಾಗಿ ಒತ್ತಿಹಿಡಿದಾಗ ಮೊದಲು ನುಡಿಸಿದ ಸ್ವರಗಳು ಮಾಯವಾದರೆ ಗಾಬರಿಯಾಗಬೇಕಿಲ್ಲ. ಒಂದೇ ಹೊತ್ತಿಗೆ 16 ಅಥವಾ 32 ಸ್ವರಗಳನ್ನಷ್ಟೇ ಹೊಮ್ಮಿಸಬಲ್ಲ ಹಳೆಯ ಕೀಬೋರ್ಡುಗಳು ಆ ಮಿತಿ ಮುಟ್ಟಿದೊಡನೆ ಹೊಸ ಸ್ವರಕ್ಕಾಗಿ ಹಿಂದಿನದೊಂದನ್ನು ಕೈಬಿಡುತ್ತವೆ. ಎರಡು ಧ್ವನಿಗಳನ್ನು ಬೆರೆಸಿ ನುಡಿಸುವಾಗ ಈ ಮಿತಿ ಇನ್ನೂ ಬೇಗ ಬರುತ್ತದೆ. ಸ್ವರಮೇಳ ಬದಲಾದಾಗಲೆಲ್ಲ ಪಾದವನ್ನು ಎತ್ತಿ ಮತ್ತೆ ಒತ್ತುವುದೇ ಇದಕ್ಕಿರುವ ಮದ್ದು.

ಪೆಡಲ್ ಜ್ಯಾಕೇ ಇಲ್ಲದ ಕೀಬೋರ್ಡಿನಲ್ಲಿ ಮಿಡಿ (ವಾದ್ಯಗಳೂ ಕಂಪ್ಯೂಟರುಗಳೂ ಪರಸ್ಪರ ಸೂಚನೆ ಕಳುಹಿಸುವ ವಿಧಾನ) ಹೊರದ್ವಾರವಿದ್ದರೆ ದಾರಿ ಪೂರ್ತಿ ಮುಚ್ಚಿಲ್ಲ. 1983ರಲ್ಲಿ ಬಳಕೆಗೆ ಬಂದ ಈ ಸಂವಹನ ವಿಧಾನದಲ್ಲಿ ಸಸ್ಟೇನಿಗೆ 64ನೆಯ ನಿಯಂತ್ರಣ ಸಂಖ್ಯೆ ಮೀಸಲಾಗಿದೆ. ಅದರ ಬೆಲೆ 0ರಿಂದ 63ರವರೆಗಿದ್ದರೆ ಪೆಡಲ್ ಬಿಟ್ಟಂತೆ, 64ರಿಂದ 127ರವರೆಗಿದ್ದರೆ ಒತ್ತಿದಂತೆ. ಕೀಬೋರ್ಡಿನ ಸ್ವರಸೂಚನೆಗಳನ್ನು ಕಂಪ್ಯೂಟರಿಗೆ ಕಳುಹಿಸಿ, ಯುಎಸ್‌ಬಿ ಪೆಡಲ್ಲೊಂದನ್ನು ನೇರವಾಗಿ ಕಂಪ್ಯೂಟರಿಗೇ ಜೋಡಿಸಿದರೆ, ಅಲ್ಲಿನ ವಾದ್ಯ ತಂತ್ರಾಂಶ ಎರಡನ್ನೂ ಕೂಡಿಸಿ ನುಡಿಸುತ್ತದೆ. ಆಗ ಕೇಳಿಬರುವ ಧ್ವನಿ ಕೀಬೋರ್ಡಿನದಲ್ಲ, ಕಂಪ್ಯೂಟರಿನದು.