ಗಟರ್‌ನಲ್ಲಿ ಏನು ಬಿಡಬೇಕು? ಕಾಮಿಕ್ಸ್ ಓದಿ ಜಾಹೀರಾತು ಬರೆಯುವವರಿಗೆ

ಪ್ಯಾನೆಲ್ (ಒಂದೊಂದು ಚಿತ್ರದ ಚೌಕ), ಬಲೂನು (ಮಾತಿನ ಗುಳ್ಳೆ), ಕ್ಯಾಪ್ಷನ್ ಎಲ್ಲ ನಿಮಗೆ ಗೊತ್ತೇ ಇದೆ, ಬಿಡಿ. ನನ್ನ ತಲೆ ತಿಂದದ್ದು ಗಟರ್. ಅಂದ್ರೆ ಎರಡು ಪ್ಯಾನೆಲ್‌ಗಳ ನಡುವಿನ ಖಾಲಿ ಪಟ್ಟಿ. ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ ಕಾಮಿಕ್ಸ್ ಬಗ್ಗೆಯೇ ಬರೆದ 1993ರ ಪುಸ್ತಕದಲ್ಲಿ ಒಂದು ಉದಾಹರಣೆ ಕೊಡುತ್ತಾರೆ. ಮೊದಲ ಚಿತ್ರದಲ್ಲಿ ಎತ್ತಿದ ಕೊಡಲಿ, ಮುಂದಿನದರಲ್ಲಿ ರಾತ್ರಿಯ ನಗರ, ಒಂದು ಕಿರುಚಾಟ. ಏಟು ಎಲ್ಲೂ ಇಲ್ಲ. ಅದನ್ನು ಹಾಕಿದ್ದು ಓದುವ ನಾವೇ! ಇದಕ್ಕೆ ಅವರಿಟ್ಟ ಹೆಸರು ಕ್ಲೋಷರ್.

ಸರಿ, ಆದರೆ ಎಷ್ಟು ಬಿಡಬಹುದು? ಇಲ್ಲೇ ನಾನು ಸಿಕ್ಕಿಕೊಂಡದ್ದು. ಅಭ್ಯಾಸಕ್ಕೆ ನಮ್ಮ ಅಡಿಕೆ ಹಾಳೆ ತಟ್ಟೆಯ ಜಾಹೀರಾತನ್ನೇ ತಗೊಂಡೆ. ಹಾಳೆ ಬೀಳುತ್ತದೆ, ಹೆಕ್ಕುತ್ತಾರೆ, ತೊಳೆಯುತ್ತಾರೆ, ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ, ಅಂಚು ಕತ್ತರಿಸುತ್ತಾರೆ, ಮದುವೆ ಊಟಕ್ಕೆ ಬಡಿಸುತ್ತಾರೆ. ಆರು ಪ್ಯಾನೆಲ್. ಅಡಿಕೆ ತೋಟದ ನಡುವೆಯೇ ಇರುವ ಬದಿಯಡ್ಕದವರಿಗಾದರೆ ಎರಡು ಸಾಕು: ತೋಟದಲ್ಲಿ ಬಿದ್ದಿರುವ ಹಾಳೆ, ಆಮೇಲೆ ಹೊಗೆಯಾಡುವ ಸಾರು ಬಡಿಸಿದ ತಟ್ಟೆ. ನಡುವಿನದ್ದು ಅವರಿಗೆ ಗೊತ್ತು.

ಇದನ್ನೇ ಅಡಿಕೆ ಮರ ನೋಡದ ಬೆಂಗಳೂರಿನ ಗಿರಾಕಿಗೆ ಕಳಿಸಿ ನೋಡಿ. ಅವರೂ ಗಟರ್ ತುಂಬಿಸುತ್ತಾರೆ, ಆದರೆ ತಪ್ಪಾಗಿ. ಮರ ಕಡಿದ್ರಾ? ಅಂಟು ಗಿಂಟು ಸೇರಿಸಿದ್ರಾ? ಹಾಗಾಗಿ ಎರಡು ಪ್ಯಾನೆಲ್ ವಾಪಸ್ ಬರಬೇಕು. ಒಂದು, ನಿಂತ ಮರದಿಂದ ತಾನಾಗಿ ಕಳಚಿ ಬೀಳುತ್ತಿರುವ ಹಾಳೆ. ಇನ್ನೊಂದು, ಅಚ್ಚಿನ ನಡುವೆ ಬರೀ ಹಾಳೆ, ಸುತ್ತ ಆವಿ. ತೊಳೆದದ್ದು, ಕತ್ತರಿಸಿದ್ದು ಆಗಲೂ ಬೇಡ, ಅಲ್ಲಿ ಯಾರಿಗೂ ಅನುಮಾನ ಬರಲ್ಲ. ಓದುಗ ತಪ್ಪು ತುಂಬಿಸುವ ಕಡೆ ಪ್ಯಾನೆಲ್, ಸರಿಯಾಗಿ ತುಂಬಿಸುವ ಕಡೆ ಗಟರ್. ನಾನು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದುಕೊಂಡದ್ದು ಇದನ್ನೇ.

ಕಥೆ ಬರೆಯುವವರಿಗೂ ಇದೇ ಲೆಕ್ಕ. ಕುಂಬಳೆಯಲ್ಲಿ ಬಸ್ ಹತ್ತಿದವಳು ಮುಂದಿನ ವಾಕ್ಯದಲ್ಲೇ ಮಂಗಳೂರಿನ ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತಿರಲಿ. ಗಡಿಯ ತಲಪಾಡಿ ದಾಟಿದ್ದನ್ನು ನಾವೇ ಊಹಿಸಿಕೊಳ್ಳುತ್ತೇವೆ. ಆದರೆ ದಾರಿಯಲ್ಲಿ ಅವಳು ಮನಸ್ಸು ಬದಲಾಯಿಸಿದ್ದರೆ ಆ ಬಸ್ಸಿನೊಳಗಿನ ಪ್ಯಾನೆಲ್ ಬೇಕೇ ಬೇಕು.

ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಹಾರುವುದರಲ್ಲಿ ಮೆಕ್‌ಕ್ಲೌಡ್ ಆರು ಬಗೆ ಹೇಳುತ್ತಾರೆ. ಪರೀಕ್ಷೆಗಾದರೆ ಬಾಯಿಪಾಠ ಮಾಡಿ. ಜಾಹೀರಾತಿಗೆ ಕ್ರಿಯೆಯಿಂದ ಕ್ರಿಯೆಗೆ, ದೃಶ್ಯದಿಂದ ದೃಶ್ಯಕ್ಕೆ, ಈ ಎರಡೇ ಜಾಸ್ತಿ ಕೆಲಸಕ್ಕೆ ಬರುವುದು.

ಪುಟ ತಿರುವುವ ಜಾಗವೂ ಮುಖ್ಯ. ಅಚ್ಚಿನ ಕಾಮಿಕ್ಸ್‌ನಲ್ಲಿ ಅಚ್ಚರಿಯನ್ನು ಬಲಪುಟದಲ್ಲಿ ಇಟ್ಟರೆ ಎಡಪುಟ ಓದುವಾಗಲೇ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಪುಟ ಮಗುಚಿದ ಮೇಲೆ ಸಿಗುವ ಎಡಪುಟಕ್ಕೆ ಇಡುತ್ತಾರೆ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಪ್ರತಿ ಟ್ಯಾಪೂ ಪುಟ ಮಗುಚಿದ ಹಾಗೇ.

ಇನ್ನು ಮಾತು. ಸಾರಿನ ಹೊಗೆ ಕಾಣುತ್ತಿರುವಾಗ ಕೆಳಗೆ 'ಬಿಸಿ ಬಿಸಿ' ಅಂತ ಬರೆಯುವುದು ಸುಮ್ನೆ ದಂಡ. ಚಿತ್ರ ಹೇಳಲಾಗದ್ದನ್ನು ಬರೆಯಿರಿ: 'ಸೋರಲ್ಲ'. ಕನ್ನಡ, ಮಲಯಾಳ ಎರಡೂ ಬೇಕಾದ ಕಾಸರಗೋಡಿನವರಿಗೆ ಇದರಲ್ಲಿ ಇನ್ನೊಂದು ಲಾಭ ಇದೆ. ಮಕ್ಕಳ ಪತ್ರಿಕೆ ಬಾಲಮಂಗಳದ ಇಲಿ ಹೀರೋ ಡಿಂಗ ಮಲಯಾಳದಲ್ಲಿ ಡಿಂಕನ್, ಆದರೆ ಇಲಿ ಅದೇ ಅಲ್ವಾ? ಚಿತ್ರಗಳೇ ಕಥೆ ಹೇಳುತ್ತಿದ್ದರೆ ಮಲಯಾಳದ ಸ್ಟೇಟಸ್‌ಗೆ ಬದಲಾಯಿಸಬೇಕಾದ್ದು ಆ ಒಂದು ಸಾಲು, ಮತ್ತೆ ಫೋನ್ ನಂಬರಿನ ಮೇಲಿರುವ 'ಸಂಪರ್ಕಿಸಿ'.